ಪ್ಲಾಸ್ಟಿಕ್ ಹಾಳೆಯನ್ನು ‘ಕರಗಿಸುವುದೋ’, ‘ಬಾಡಿಸುವುದೋ’?

ಬೇಸಿಗೆ ಶಿಬಿರದ ಮಕ್ಕಳಿಗೆ ಮುಖವಾಡ ಮಾಡುವ ಬಗೆಯನ್ನು ಬರೆದುಕೊಡುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ.

ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಮೆತ್ತಗಾದಾಗ ಅಚ್ಚಿನ ಮೇಲೆ ಒತ್ತಿ, ಆರಲು ಬಿಡಬೇಕು. ಇದಕ್ಕೆ ‘ಕರಗಿಸಿ’ ಅಂತ ಬರೆಯಲು ಕೈ ಬರುತ್ತಿಲ್ಲ. ತುಪ್ಪ ಕರಗುತ್ತದೆ, ಮೇಣ ಕರಗುತ್ತದೆ. ಹಾಳೆಯೇ ಕರಗಿಹೋದರೆ ಮುಖವಾಡ ಎಲ್ಲಿಂದ ಬರಬೇಕು? ನೀರಿನ ಪೈಪಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ವಿಷಯದಲ್ಲಂತೂ ಈ ಪದ ಅಪಾಯದ್ದು. ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗತೊಡಗುತ್ತದೆ. ಹುಡುಗರು ‘ಇನ್ನೂ ಕರಗಿಲ್ಲ’ ಅಂತ ಕಾಯಿಸುತ್ತಲೇ ಹೋದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಎದ್ದು ಕಣ್ಣು, ಗಂಟಲು ಉರಿಯುತ್ತದೆ.

ನನಗೆ ಹೊಳೆದದ್ದು ‘ಬಾಡಿಸು’. ಕಡುಬು ಕಟ್ಟಲು ಬಾಳೆಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸುತ್ತೇವೆ, ಅಲ್ವಾ? ಹಸಿ ಎಲೆ ಮಡಿಸಿದರೆ ಸೀಳುತ್ತದೆ, ಬಾಡಿದ್ದು ಹೇಳಿದಂತೆ ಕೇಳುತ್ತದೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯದೂ ಇದೇ ಬುದ್ಧಿ. ತಣ್ಣಗಿರುವಾಗ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. 100 ಡಿಗ್ರಿ ದಾಟಿದರೆ ಮೂಗು, ಗಲ್ಲ ಎಲ್ಲಕ್ಕೂ ಒಗ್ಗುತ್ತದೆ. ವೋರ್ಬ್ಲಾ ಅಂತ ವೇಷಭೂಷಣಕ್ಕೆ ಬಳಸುವ ಇನ್ನೊಂದು ಪ್ಲಾಸ್ಟಿಕ್ ಹಾಳೆ ಇದೆ. 90 ಡಿಗ್ರಿಯ ಆಸುಪಾಸಿನಲ್ಲಿ ಬಾಡಿ, ಅಂಟು ಹಚ್ಚದೆಯೇ ಒಂದಕ್ಕೊಂದು ಹತ್ತಿಕೊಳ್ಳುತ್ತದೆ. ಬೆಲೆ ಜಾಸ್ತಿ. ಮಕ್ಕಳಿಗಾದರೆ ನನ್ನ ಓಟು ಇವಿಎ ಫೋಮ್‌ಗೆ, ಅದೇ ಚಪ್ಪಲಿಗೆ ಹಾಕುವ ಸಾಮಾನು. ಕತ್ತರಿಯಲ್ಲೇ ಕತ್ತರಿಸಬಹುದು.

ತೊಡಕು ಎರಡಿವೆ. ಬಾಡಿದ ಎಲೆ ಮತ್ತೆ ಸೆಟೆಯುವುದಿಲ್ಲ. ಪಾಲಿಸ್ಟೈರೀನ್ ಆರಿದ ಮೇಲೆ ಗಡುಸಾಗುತ್ತದೆ, ಬೇಕಾದರೆ ಇನ್ನೊಮ್ಮೆ ಬಾಡಿಸಲೂಬಹುದು. ಆಮೇಲೆ ‘ಮುಖ ಬಾಡಿತು’ ಅನ್ನುವ ಮಾತು ಬೇರೆ ಇದೆ. ‘ಮುಖವಾಡ ಬಾಡಿಸಿ’ ಅಂದರೆ ಮಕ್ಕಳು ನಕ್ಕಾರು. ನಗಲಿ ಬಿಡಿ, ನೆನಪಾದರೂ ಉಳಿಯುತ್ತದೆ.

‘ಶೀಟ್’ಗೆ ತಗಡು, ರಟ್ಟು ಎರಡನ್ನೂ ಯೋಚಿಸಿದೆ. ತಗಡು ಅಂದರೆ ಲೋಹ, ರಟ್ಟು ಅಂದರೆ ಕಾಗದದ್ದು ಅನ್ನಿಸುತ್ತದೆ. ‘ಹಾಳೆ’ಯೇ ಸರಿ. ಅಡಿಕೆ ಸೋಗೆಯ ಅಗಲವಾದ ಬುಡಕ್ಕೂ ಹಾಳೆ ಅಂತಲೇ ಹೆಸರು. ಕೇರಳದ ದೇವಿ ಗುಡಿಗಳಲ್ಲಿ ನಡೆಯುವ ಪಡಯಣಿ ಕುಣಿತದಲ್ಲಿ ಆ ಅಡಿಕೆ ಹಾಳೆಯ ಮೇಲೇ ಬಣ್ಣದಲ್ಲಿ ಮುಖ ಬರೆದು ತೊಡುತ್ತಾರೆ. ನಮ್ಮ ಕರಾವಳಿಯ ಮುಟ್ಟಾಳೆ ಟೋಪಿಯೂ ಹಾಳೆಯದೇ. ಊಟದ ಹಾಳೆ ತಟ್ಟೆ ಮಾಡುವುದೂ ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿಯೇ.

ನನ್ನ ಪ್ರಶ್ನೆ ಈಗ ಅಲ್ಲಿಗೇ ಬಂದು ನಿಂತಿದೆ. ಮಲೆನಾಡು, ಕರಾವಳಿ ಕಡೆ ತಟ್ಟೆ ಒತ್ತುವವರು ಹಾಳೆ ಬಗ್ಗುವ ಹದಕ್ಕೆ ಬಂದಾಗ ಏನು ಹೇಳುತ್ತಾರೆ? ಬಾಡಿತು ಅಂತಾರಾ, ಮೆತ್ತಗಾಯಿತು ಅಂತಾರಾ, ಅಥವಾ ಬೇರೆಯೇ ಮಾತಿದೆಯಾ? ಕೇಳಿದವರು ಯಾರಾದರೂ ಇದ್ದರೆ ತಿಳಿಸಿ.