ಪದಚರ್ಚೆ: 'ಲಿವರ್ ಗಟ್ಟಿಯಾಗಿದೆ' ಅಂದರೆ ಒಳ್ಳೆಯ ಸುದ್ದಿಯಾ, ಕೆಟ್ಟ ಸುದ್ದಿಯಾ?

ಎಲ್ಲರಿಗೂ ನಮಸ್ಕಾರ. ಲಿವರ್ ತನ್ನ ಮೆದುತನ ಕಳೆದುಕೊಳ್ಳುವ 'ಫೈಬ್ರೋಸಿಸ್'ಗೆ ಒಂದು ಕನ್ನಡ ಪದ ಬೇಕಾಗಿದೆ. ಹಿನ್ನೆಲೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಇಲ್ಲಿ ರಾಯಚೂರಿನಲ್ಲಿ ಫ್ಯಾಟಿ ಲಿವರ್ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿದೆ. ಅದಕ್ಕೆ ಸೇರುವವರ ಕೈಗೆ ಕೊಡುವ ತಿಳುವಳಿಕೆ ಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದಿ ಸಹಿ ಹಾಕುವವರು ಮಾನ್ವಿ, ಸಿಂಧನೂರು, ದೇವದುರ್ಗದ ಕಡೆಯ ಜನ. ಓದು ಬಾರದವರಿಗೆ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಅಂದಮೇಲೆ ಪದ ಕಿವಿಗೆ ಬಿದ್ದ ಕೂಡಲೇ ತಿಳಿಯಬೇಕು.

ಮೊದಲ ಸಲ ಶಾಲೆಯಲ್ಲಿ ಕಲಿತ ಹಾಗೆ 'ಪಿತ್ತಜನಕಾಂಗ' ಅಂತ ಬರೆದೆ. ನಮ್ಮ ಸೋದರತ್ತೆಗೆ ಓದಿ ತೋರಿಸಿದೆ. "ನನಗ ಪಿತ್ತ ಏನ್ ಇಲ್ಲಪಾ, ದಿನಾ ಮುಂಜಾನೆ ನಿಂಬಿಹಣ್ಣಿನ ಪಾನಕ ಕುಡೀತೀನಿ" ಅಂದರು. ಅವರ ಲೆಕ್ಕದಲ್ಲಿ ಪಿತ್ತ ಅಂದರೆ ಬೆಳಿಗ್ಗೆ ತಲೆ ಸುತ್ತಿ ಹುಳಿ ನೀರು ವಾಂತಿಯಾಗುವುದು. ತಪ್ಪು ಅವರದಲ್ಲ. ಲಿವರ್ ಮಾಡುವ ನೂರಾರು ಕೆಲಸಗಳಲ್ಲಿ ಪಿತ್ತರಸ ತಯಾರಿಸುವುದು ಒಂದು. ಆ ಒಂದನ್ನೇ ಹಿಡಿದು ಇಡೀ ಅಂಗಕ್ಕೆ ಹೆಸರಿಟ್ಟುಬಿಟ್ಟಿದ್ದೇವೆ. ಕಿಡ್ನಿಗೂ ಹಿಂದೆ ಹೀಗೇ 'ಮೂತ್ರಜನಕಾಂಗ' ಅಂತಿದ್ದರು, ಆಮೇಲೆ 'ಮೂತ್ರಪಿಂಡ' ಬಂತು. ಲಿವರ್‌ಗೆ ಆ ಭಾಗ್ಯ ಬರಲಿಲ್ಲ. 'ಯಕೃತ್ತು' ಪತ್ರಿಕೆಗಳಲ್ಲಿದೆ, ಬಾಯಲ್ಲಿಲ್ಲ. ಇನ್ನು 'ಪಿತ್ತಕೋಶ' ಅಂತ ಬರೆಯುವವರಿಗೆ ಒಂದು ಮಾತು: ಅದು ಗಾಲ್ ಬ್ಲಾಡರ್, ಲಿವರ್‌ನ ಅಡಿಗೆ ಅಂಟಿಕೊಂಡಿರುವ ಸಣ್ಣ ಚೀಲ.

ಹಳೆ ಮೈಸೂರಿನ ಕಡೆಯ 'ಈಲಿ' ಚಂದದ ಪದ. ತಮಿಳಿನ ಈರಲ್ ನೆನಪಾಗುತ್ತದೆ. ಆದರೆ ಇಲ್ಲಿ ಹೇಳಿ ನೋಡಿ, ತರಕಾರಿ ಹೆಚ್ಚುವ ಇಳಗಿ ತಂದುಕೊಡುತ್ತಾರೆ. ನಮ್ಮೂರಿನ ಮಟನ್ ಅಂಗಡಿಯಲ್ಲಿ ಅದು ಕಲೇಜಿ. ಬಳ್ಳಾರಿಯಲ್ಲಿ ತೆಲುಗು ಮಾತಾಡುವವರ ಬಾಯಲ್ಲಿ ಕಾರ್ಜಂ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿಯಲ್ಲಿ ಮಗು ಅಂದರೆ 'ಕಲೇಜೆ ಕಾ ಟುಕಡಾ', ಲಿವರ್‌ನ ತುಂಡು. ನಮಗೆ 'ಕರುಳಿನ ಕುಡಿ'. ಅವರ ಪ್ರೀತಿ ಲಿವರ್‌ನಲ್ಲಿ, ನಮ್ಮದು ಕರುಳಲ್ಲಿ. ಆದರೂ ನಿಜಾಮರ ಕಾಲದ ಉರ್ದು ನಮ್ಮನ್ನು ಪೂರ್ತಿ ಬಿಟ್ಟಿಲ್ಲ. 'ಅವ ನನ್ನ ಜಿಗರಿ ದೋಸ್ತ' ಅನ್ನುತ್ತೇವಲ್ಲ, ಆ ಜಿಗರ್ ಫಾರಸಿಯ ಲಿವರ್. ಮರಾಠಿಯ ಕಾಳೀಜಕ್ಕೂ ನಮ್ಮ ಕಾಳಜಿಗೂ ನಂಟು ಇದೆಯಾ? ಬಲ್ಲವರು ಹೇಳಿ.

ಕೊನೆಗೆ ಅಂಗಕ್ಕೆ 'ಲಿವರ್' ಅಂತಲೇ ಇಟ್ಟೆ. ಅದರಲ್ಲಿ ನನಗೆ ಯಾವ ಅಳುಕೂ ಇಲ್ಲ. ಅತ್ತೆಗೂ ಅದು ಗೊತ್ತು. ತೊಡಕು ಶುರುವಾಗುವುದು ಆ ಲಿವರ್‌ಗೆ ಏನಾಗಿದೆ ಅಂತ ಹೇಳುವಾಗ. ಅಲ್ಲಿ ಇಂಗ್ಲಿಷ್ ನಡೆಯಲ್ಲ, ಕನ್ನಡದ್ದೇ ಬೇಕು.

ಮೊದಲು 'ಫ್ಯಾಟಿ'. ಲಿವರ್‌ನ ಜೀವಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ಕೋಶಗಳಲ್ಲಿ ಕೊಬ್ಬು ತುಂಬಿದ್ದರೆ ಫ್ಯಾಟಿ ಲಿವರ್ ಅನ್ನುತ್ತಾರೆ. 'ಕೊಬ್ಬಿದ ಲಿವರ್' ಅಂತ ಬರೆದಿದ್ದೆ, ಓದಿ ನಾನೇ ನಕ್ಕೆ. ಕೊಬ್ಬಿದವನು ಅಂದರೆ ಸೊಕ್ಕಿದವನು. ಚರಬಿ ಅಂದರೂ ಅಷ್ಟೇ, ಅದೂ ಬೈಗುಳ. ಇದು ನಮ್ಮೊಬ್ಬರ ಪಾಡಲ್ಲ. ಈ ಕಾಯಿಲೆಗೆ ಮೊದಲು 'ನಾನ್ ಆಲ್ಕೊಹಾಲಿಕ್ ಫ್ಯಾಟಿ ಲಿವರ್ ಡಿಸೀಸ್' ಅಂತ ಹೆಸರಿತ್ತು. ಹೆಸರಲ್ಲೇ ಕುಡಿತದ ಮಾತು, ಹೆಸರಲ್ಲೇ ಬೊಜ್ಜಿನ ಮಾತು, ಇದರಿಂದ ರೋಗಿಗಳಿಗೆ ನೋವಾಗುತ್ತದೆ ಅಂತ 2023ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೆಸರನ್ನೇ ಬದಲಿಸಿದರು. ಈಗ ಅದು ಎಂಎಎಸ್‌ಎಲ್‌ಡಿ, ಬಿಡಿಸಿದರೆ 'ಮೆಟಬಾಲಿಕ್ ಡಿಸ್‌ಫಂಕ್ಷನ್ ಅಸೋಸಿಯೇಟೆಡ್ ಸ್ಟಿಯಾಟೋಟಿಕ್ ಲಿವರ್ ಡಿಸೀಸ್'. ಅದರ ನಡುವಿನ ಎಸ್ ಅಂದರೆ 'ಸ್ಟಿಯಾಟೋಟಿಕ್'. ಗ್ರೀಕಿನಲ್ಲಿ ಅದರ ಬೇರು ನೆಣ! ಬೊಜ್ಜು ಎಲ್ಲಿಗೂ ಹೋಗಿಲ್ಲ, ಗ್ರೀಕಿನ ಮುಸುಕು ಹಾಕಿಕೊಂಡಿದೆ ಅಷ್ಟೇ. ನಾನು 'ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡಿದೆ' ಅಂತ ಬಿಡಿಸಿ ಬರೆದೆ. ಕೊಬ್ಬಿದ್ದು ಲಿವರ್ ಅಲ್ಲ, ಅದರೊಳಗೆ ಹೊಕ್ಕಿದ್ದು ಕೊಬ್ಬು. ಇದು ನಡೆದೀತು ಅನ್ನಿಸುತ್ತೆ.

'ಲಿವರ್ ಫಂಕ್ಷನ್ ಟೆಸ್ಟ್' ಅನ್ನು 'ಲಿವರ್‌ನ ರಕ್ತ ಪರೀಕ್ಷೆ' ಅಂತ ಮಾಡಿದೆ. ಆ ಇಂಗ್ಲಿಷ್ ಹೆಸರೇ ಅರೆಬರೆ. ಅದರಲ್ಲಿ ಬರುವ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಕಿಣ್ವಗಳು (ಎನ್‌ಜೈಮ್) ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವುದಿಲ್ಲ. ಜೀವಕೋಶಗಳಿಗೆ ಪೆಟ್ಟು ಬಿದ್ದಾಗ ಒಳಗಿನದು ರಕ್ತಕ್ಕೆ ಸೋರುತ್ತದೆ, ಆ ಸೋರಿಕೆಯ ಲೆಕ್ಕ ಅದು. ಕೆಲಸದ ಅಂದಾಜು ಸಿಗುವುದು ಲಿವರ್ ತಯಾರಿಸುವ ಅಲ್ಬುಮಿನ್ ಎಂಬ ಪ್ರೋಟೀನ್‌ನಿಂದ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನಿಂದ.

ಈಗ ನನ್ನ ನಿಜವಾದ ಪ್ರಶ್ನೆ: 'ಫೈಬ್ರೋಸಿಸ್'. ಮತ್ತೆ ಮತ್ತೆ ಪೆಟ್ಟು ತಿಂದ ಲಿವರ್‌ನಲ್ಲಿ ಗಾಯದ ಕಲೆಯಂಥ ನಾರು ಬೆಳೆದು ಅದರ ಮೆದುತನ ಹೋಗುತ್ತದೆ. ಫೈಬ್ರೋಸ್ಕ್ಯಾನ್ ಯಂತ್ರ ಪಕ್ಕೆಯ ಮೇಲೆ ಸಣ್ಣಗೆ ತಟ್ಟಿ, ಆ ಕಂಪನ ಒಳಗೆ ಎಷ್ಟು ಬೇಗ ಓಡುತ್ತದೆ ಅಂತ ಅಳೆಯುತ್ತದೆ. ಮೆದುವಾಗಿದ್ದರೆ ನಿಧಾನ, ಬಿಗಿಯಾಗಿದ್ದರೆ ವೇಗ. ಉತ್ತರ ಬರುವುದು ಬಿಗಿತನದ ಅಳತೆಯಾದ ಕಿಲೋಪಾಸ್ಕಲ್‌ನಲ್ಲಿ. ಇದನ್ನು ನಾನು 'ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುತ್ತೇವೆ' ಅಂತ ಬರೆದಿದ್ದೆ. ಮಾವನಿಗೆ ಓದಿ ಹೇಳಿದೆ: ನಿಮ್ಮ ಲಿವರ್ ಗಟ್ಟಿ ಅಂತ ಬಂತು ಅಂದುಕೊಳ್ಳಿ, ಏನು ಮಾಡ್ತೀರಿ? ಮಾವ ಮೀಸೆ ತಿರುವಿದರು. "ಗಟ್ಟಿ ಅದ ಅಂದಮ್ಯಾಗ ಮತ್ತ್ಯಾಕ ದವಾಖಾನಿ?"

ಸರಿ ತಾನೆ? ಗಟ್ಟಿ ಆಳು, ಗಟ್ಟಿ ಜೀವ, ಗಟ್ಟಿಗಿತ್ತಿ. ನಮ್ಮಲ್ಲಿ ಗಟ್ಟಿ ಅಂದರೆ ಹೊಗಳಿಕೆ. ಖಡಕ್ ಕೂಡ ಬೇಡ, ರೊಟ್ಟಿಯೂ ಖಡಕ್ಕು, ಚಹಾನೂ ಖಡಕ್ಕು.

ಭಾನುವಾರ ಮಟನ್ ಅಂಗಡಿಯಲ್ಲಿ ಸುಮ್ನೆ ಕೇಳಿದೆ. ಅಂಗಡಿಯವರು ಕಲೇಜಿಯನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿಂದ ಒತ್ತಿ ತೋರಿಸಿದರು. ಒತ್ತಿದ ಕಡೆ ತಗ್ಗು ಬಿದ್ದು ಮೆಲ್ಲಗೆ ಮೇಲೆದ್ದಿತು. "ಇದು ಛಲೋ ಮಾಲು. ಹುಳ ಬಿದ್ದ ಕುರಿದು ಇದ್ರ ಹಿಂಗ ಒತ್ತಿದ್ರ ಒಳಗ ಹೋಗಂಗಿಲ್ರಿ, ಬಿರಸ ಇರ್ತದ." ಬಿರಸು! ನಿನ್ನೆಯ ರೊಟ್ಟಿಗೂ ನಾವು ಅದೇ ಅನ್ನುತ್ತೇವೆ. ಬಿರಸಾಯಿತು ಅಂದರೆ ಯಾರೂ ಹಿಗ್ಗುವುದಿಲ್ಲ. ಕುರಿಯ ಲಿವರ್‌ಗೆ ಚಪ್ಪಟೆ ಹುಳ ಹೊಕ್ಕರೆ ಆಗುವುದೂ ಇದೇ ಫೈಬ್ರೋಸಿಸ್.

ಇನ್ನೊಂದು ಪದವೂ ತಲೆಯಲ್ಲಿದೆ: 'ಜಡ್ಡುಗಟ್ಟು'. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುತ್ತದೆ, ಕೆಲಸ ಬಿಟ್ಟು ಕೆಲವು ತಿಂಗಳಾದರೆ ಮತ್ತೆ ಮೆತ್ತಗಾಗುತ್ತದೆ. ಫೈಬ್ರೋಸಿಸ್ ಕೂಡ ಆರಂಭದಲ್ಲಿದ್ದರೆ, ಕುಡಿತವೋ ಬೊಜ್ಜೋ ವೈರಸ್ಸೋ, ಕಾರಣ ತೆಗೆದರೆ ಇಳಿಯುತ್ತದೆ. ತುಂಬಾ ಚೆನ್ನಾಗಿ ಹೊಂದುವ ಪದ. ಆದರೆ ನಮ್ಮ ಕಡೆ ಜಡ್ಡು ಅಂದರೆ ಕಾಯಿಲೆ ಅಂತಲೂ ಇದೆಯಲ್ಲ. 'ಜಡ್ಡುಗಟ್ಟಿದೆ' ಅಂತ ಕೇಳಿ ಜನ ಬರೀ ಕಾಯಿಲೆ ಬಿದ್ದಿದೆ ಅಂದುಕೊಂಡರೆ?

ಕೊಪ್ಪಳ, ಬಳ್ಳಾರಿಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಲಿವರ್ 'ಬಿರಸಾಗಿದೆ', 'ಪೆಡಸಾಗಿದೆ', 'ಜಡ್ಡುಗಟ್ಟಿದೆ', ಈ ಮೂರರಲ್ಲಿ ಯಾವುದನ್ನು ಕೇಳಿದರೆ ಅವರು ಡಾಕ್ಟರ ಹತ್ತಿರ ಹೋಗುತ್ತಾರೆ? ಶುಕ್ರವಾರದೊಳಗೆ ಪತ್ರ ಒಪ್ಪಿಸಬೇಕು.