ಅಲ್ಗಾರಿದಮ್ ಚಿತ್ತಾರದ ರೇಷ್ಮೆ ಶಾಲು: ಮೇಜಿನ ಮೇಲೆ ಹಿಡಿಯುವ ಎಆರ್ ಹೆಗಲ ಮೇಲೆ ಯಾಕೆ ಹಿಡಿಯುತ್ತಿಲ್ಲ?

ನೂಲೆಳೆ:

2 ಮೀಟರ್ ಉದ್ದ, 70 ಸೆಂ.ಮೀ. ಅಗಲದ ಸ್ಯಾಟಿನ್ ರೇಷ್ಮೆ ಶಾಲು. ಚಿತ್ತಾರ ಗ್ರೇ-ಸ್ಕಾಟ್ ರಿಯಾಕ್ಷನ್-ಡಿಫ್ಯೂಷನ್ ಲೆಕ್ಕದಿಂದ ಬಂದದ್ದು, ಅಂದರೆ ಎರಡು ರಾಸಾಯನಿಕಗಳು ಹರಡುತ್ತ ಒಂದರೊಡನೊಂದು ವರ್ತಿಸುವುದನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಿ ಬೆಳೆಸಿದ್ದು: ಫೀಡ್ (ಒಂದನ್ನು ಒಳಗೆ ಬಿಡುವ ದರ) 0.055, ಕಿಲ್ (ಇನ್ನೊಂದನ್ನು ತೆಗೆಯುವ ದರ) 0.062. ಹವಳದ ಕವಲಿನಂಥ ಗೆರೆಗಳು ಶಾಲಿನ ತುಂಬ ಒಂದೇ ಸಮನಾಗಿ ಹಬ್ಬಿವೆ. ನೆಲ ಕುಂಕುಮಗೆಂಪು (ಕೆಂಪು 200, ಹಸಿರು 30, ನೀಲಿ 40), ಗೆರೆ ಎಲೆಹಸಿರು (60, 150, 80). ಆಸಿಡ್ ಇಂಕ್‌ನ ಡಿಜಿಟಲ್ ಮುದ್ರಣ.

ನೋಡುವವರು ಫೋನ್ ಹಿಡಿದಾಗ ಇದೇ ಗೆರೆಗಳು ಬಟ್ಟೆಯಿಂದ ಮೇಲೆದ್ದು ಹೆಗಲ ಸುತ್ತ ಬೆಳೆಯಬೇಕು. ಕ್ಯಾಮೆರಾ ಕಂಡ ನಿಜವಸ್ತುವಿನ ಮೇಲೆ ಹೀಗೆ ತೆರೆಯಲ್ಲಿ ಚಿತ್ರ ಮೂಡಿಸುವುದೇ ಎಆರ್. ಮೈಂಡ್‌ಎಆರ್ ಮತ್ತು ಎ-ಫ್ರೇಮ್ ಎಂಬ ಲೈಬ್ರರಿಗಳನ್ನು ಬಳಸಿದ್ದೇನೆ, ಎಲ್ಲ ಬ್ರೌಸರ್‌ನಲ್ಲೇ. ಟಾರ್ಗೆಟ್ (ಕ್ಯಾಮೆರಾ ಗುರುತು ಹಿಡಿಯಬೇಕಾದ ಚಿತ್ರ) ಆಗಿ ಕೊಟ್ಟಿರುವುದು ಇಡೀ ಶಾಲಿನ ಚಿತ್ರ. ಮೇಜಿನ ಮೇಲೆ ಹರಡಿ, ಒಳ್ಳೆ ಬೆಳಕಿನಲ್ಲಿ, ಹತ್ತಿರದಿಂದ ಹಿಡಿದರೆ ಸಿಗುತ್ತದೆ. ಹೆಗಲಿಗೆ ಹಾಕಿ ಒಂದೂವರೆ ಮೀಟರ್ ದೂರ ನಿಂತರೆ ಸಿಗುವುದೇ ಇಲ್ಲ. ಸಿಕ್ಕರೂ ಆಕಾರ ಅಲ್ಲಿಂದಿಲ್ಲಿಗೆ ಜಿಗಿಯುತ್ತದೆ. ತಪ್ಪು ಚಿತ್ತಾರದಲ್ಲೋ, ಬಟ್ಟೆಯಲ್ಲೋ, ಕೋಡ್‌ನಲ್ಲೋ?

ಬಿಂದುರೇಖೆ:

ಕೋಡ್ ಕೊನೆಗೆ ನೋಡೋಣ. ಮೊದಲ ತೊಂದರೆ ಚಿತ್ತಾರದ್ದೇ.

ಇಮೇಜ್ ಟ್ರ್ಯಾಕಿಂಗ್ ಚಿತ್ರದಲ್ಲಿ ಗುರುತು ಹಿಡಿಯಬಲ್ಲ ಬಿಂದುಗಳನ್ನು ಹುಡುಕುತ್ತದೆ. ಪ್ರತಿ ಬಿಂದುವಿನ ಸುತ್ತಲಿನ ತುಣುಕು ಉಳಿದೆಲ್ಲ ತುಣುಕುಗಳಿಗಿಂತ ಬೇರೆಯಾಗಿ ಕಾಣಬೇಕು. ನಿಮ್ಮ ಹವಳದ ಗೆರೆಗಳಲ್ಲಿ ಹಾಗಾಗುವುದಿಲ್ಲ. ಗೆರೆಯ ದಪ್ಪ ಎಲ್ಲೆಡೆ ಒಂದೇ, ಗೆರೆಗೂ ಗೆರೆಗೂ ನಡುವಿನ ಜಾಗವೂ ಒಂದೇ. ಒಂದು ಸಣ್ಣ ಚೌಕವನ್ನು ಗೆರೆಯ ಉದ್ದಕ್ಕೆ ಜರುಗಿಸಿ ನೋಡಿ, ಎಲ್ಲಿಟ್ಟರೂ ಹಾಗೇ ಕಾಣುತ್ತದೆ. ಎಡತುದಿಯ ಬಿಂದುವನ್ನು ಬಲತುದಿಯದೆಂದು ಲೆಕ್ಕ ತಪ್ಪುತ್ತದೆ, ಆಕಾರ ಜಿಗಿಯುತ್ತದೆ.

ಗ್ರೇ-ಸ್ಕಾಟ್ ಬಿಡಬೇಕಾಗಿಲ್ಲ, ಅದರ ಚೆಲುವೇ ಬೇರೆ. ಫೀಡ್, ಕಿಲ್ ಎರಡನ್ನೂ ಸ್ಥಿರವಾಗಿ ಇಡುವ ಬದಲು ಬಟ್ಟೆಯುದ್ದಕ್ಕೂ ಬದಲಾಯಿಸುತ್ತಾ ಹೋಗಿ. ಒಂದು ತುದಿಯಲ್ಲಿ 0.0367 ಮತ್ತು 0.0649 ಇಟ್ಟರೆ ಕೋಶ ಒಡೆದಂತೆ ಚುಕ್ಕಿಗಳು ಬರುತ್ತವೆ. ಇನ್ನೊಂದು ತುದಿಯಲ್ಲಿ 0.0545 ಮತ್ತು 0.062 ಇಟ್ಟರೆ ಈಗಿನ ಹವಳ. ನಡುವೆ ಚುಕ್ಕಿ ಹುಳುವಾಗಿ, ಹುಳು ಕವಲಾಗಿ ಮಾರ್ಪಡುತ್ತದೆ, ಹೀಗಾಗಿ ಶಾಲಿನ ಒಂದೊಂದು ಗೇಣಿಗೂ ಒಂದೊಂದು ಮುಖ ಬರುತ್ತದೆ. ಪ್ರಸರಣದ ವೇಗ 1.0 ಮತ್ತು 0.5 ಹಾಗೇ ಇರಲಿ.

ಇಷ್ಟಾದರೂ ಬಾಗುಗೆರೆಗಳಲ್ಲಿ ಚೂಪು ಮೂಲೆಗಳು ಕಡಿಮೆ. ಕಸೂತಿಯ ಮುರ್ಗಿ ಹೊಲಿಗೆಯಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳು ಎಳೆ ಎಣಿಸಿ ಮೆಟ್ಟಿಲು ಮೆಟ್ಟಿಲಾಗಿ ಮೂಡುತ್ತವಲ್ಲ, ಅಂಥ ಏಳೆಂಟು ಬುಟ್ಟಾಗಳನ್ನು ಬೇರೆ ಬೇರೆ ಅಳತೆಯಲ್ಲಿ ಸಾಲು ತಪ್ಪಿಸಿ ಇಡಿ. ಒಂದೇ ಬುಟ್ಟಾ ಸಮ ಅಂತರದಲ್ಲಿ ಮರುಕಳಿಸಿದರೆ ಮತ್ತೆ ಅದೇ ಗೊಂದಲ.

ಎರಡನೆಯದು ಬಣ್ಣ. ಟ್ರ್ಯಾಕಿಂಗ್‌ಗೆ ಬಣ್ಣ ಕಾಣುವುದಿಲ್ಲ, ಬೂದು ಛಾಯೆ ಮಾತ್ರ. ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿಸಿ. ನಿಮ್ಮ ಕುಂಕುಮಗೆಂಪು 82ಕ್ಕೆ ಬರುತ್ತದೆ, ಎಲೆಹಸಿರು 115ಕ್ಕೆ. ಕಣ್ಣಿಗೆ ಬೆಂಕಿ-ನೀರಿನಷ್ಟು ದೂರವಿರುವ ಎರಡು ಬಣ್ಣ, ಕ್ಯಾಮೆರಾಗೆ 255ರಲ್ಲಿ ಬರೀ 33ರ ವ್ಯತ್ಯಾಸ. ಮಬ್ಬು ಬೆಳಕಿನಲ್ಲಿ ಅದೂ ಉಳಿಯದು. ಕನಿಷ್ಠ 120 ಇರುವಂತೆ ನೋಡಿಕೊಳ್ಳಿ. ಅದೇ ಕೆಂಪಿನ ಮೇಲೆ ಕೆನೆಬಣ್ಣ ಅಥವಾ ತಿಳಿ ಅರಿಸಿನ ಇಟ್ಟರೆ ಸುಲಭವಾಗಿ ಸಿಗುತ್ತದೆ.

ಮೂರನೆಯದು ದೂರ. ಕ್ಯಾಮೆರಾದ ಅಡ್ಡನೋಟ ಸುಮಾರು 60 ಡಿಗ್ರಿ, ಲೆಕ್ಕಕ್ಕೆ ಹೋಗುವ ಚಿತ್ರ 640 ಪಿಕ್ಸೆಲ್ ಅಗಲ ಎಂದಿಟ್ಟುಕೊಳ್ಳಿ. ಒಂದೂವರೆ ಮೀಟರ್ ದೂರದಲ್ಲಿ ಚೌಕಟ್ಟಿಗೆ 1.7 ಮೀಟರ್ ಅಗಲದ ಜಾಗ ಬೀಳುತ್ತದೆ. ಅಂದರೆ ಬಟ್ಟೆಯ 30 ಸೆಂ.ಮೀ.ಗೆ ಸಿಗುವುದು 111 ಪಿಕ್ಸೆಲ್, ಒಂದು ಪಿಕ್ಸೆಲ್‌ಗೆ 2.7 ಮಿ.ಮೀ. 3 ಮಿ.ಮೀ.ಯ ಗೆರೆ ಅಲ್ಲಿ ಬರೀ ಬೂದು ಮಸುಕು. ಅತಿ ಸಣ್ಣ ಆಕಾರ 1 ಸೆಂ.ಮೀ.ಗಿಂತ ಚಿಕ್ಕದಾಗದಿರಲಿ, ಜೊತೆಗೆ 5ರಿಂದ 8 ಸೆಂ.ಮೀ.ಯ ದೊಡ್ಡ ಆಕಾರಗಳೂ ಇರಲಿ. ದೊಡ್ಡವು ದೂರಕ್ಕೆ, ಸಣ್ಣವು ಹತ್ತಿರಕ್ಕೆ.

ಮುದ್ರಣಕ್ಕೆ ಕೊಡುವ ಮುನ್ನ ಗೂಗಲ್‌ನ ಎಆರ್ ಸಾಧನಗುಚ್ಛವಾದ ಎಆರ್‌ಕೋರ್ ಜೊತೆ ಬರುವ ಆರ್ಕೋರ್‌ಇಮ್ಗ್ ಎಂಬ ಕಮಾಂಡ್ ಸಾಧನಕ್ಕೆ ಚಿತ್ರ ಕೊಡಿ. ಚಿತ್ರ ಗುರುತು ಹಿಡಿಯಲು ಎಷ್ಟು ಒಳ್ಳೆಯದೆಂದು 0ಯಿಂದ 100ರೊಳಗೆ ಅಂಕ ಹೇಳುತ್ತದೆ. 75ಕ್ಕಿಂತ ಕೆಳಗೆ ಬಂದರೆ ಬಟ್ಟೆಗೆ ದುಡ್ಡು ಹಾಕಬೇಡಿ. ನೀವು ಬಳಸುವುದು ಬೇರೆ ಲೈಬ್ರರಿಯಾದರೂ ಈ ಅಂಕ ಒಳ್ಳೆಯ ದಿಕ್ಸೂಚಿ.

ಕತ್ತರಿಪೆಟ್ಟಿಗೆ:

ಬಿಂದುರೇಖೆ ಅವರು ಹೇಳಿದ್ದೆಲ್ಲ ಸರಿ, ಆದರೆ ಅದನ್ನೆಲ್ಲ ಸರಿಪಡಿಸಿಯೂ ಸ್ಯಾಟಿನ್ ರೇಷ್ಮೆಯಲ್ಲೇ ಮುದ್ರಿಸಿದರೆ ಸೋಲುತ್ತೀರಿ. ಸ್ಯಾಟಿನ್‌ನ ಹೊಳಪು ಮಡಿಕೆಯ ಏಣಿನ ಮೇಲೆ ಬಿಳಿ ಪಟ್ಟಿಯಾಗಿ ಬೀಳುತ್ತದೆ, ತೊಟ್ಟವರು ಅಲ್ಲಾಡಿದಂತೆಲ್ಲ ಆ ಪಟ್ಟಿ ಹರಿದಾಡುತ್ತದೆ. ಕ್ಯಾಮೆರಾಗೆ ಅದು ಚಿತ್ತಾರವೇ ಬದಲಾದಂತೆ. ರೇಷ್ಮೆಯೇ ಬೇಕೆಂದರೆ ಹೊಳಪಿಲ್ಲದ ಸ್ಪನ್ ಸಿಲ್ಕ್ ತೆಗೆದುಕೊಳ್ಳಿ. ಹತ್ತಿಯಾದರೆ ಪಾಪ್ಲಿನ್, ರಿಯಾಕ್ಟಿವ್ ಇಂಕ್. ಟಾರ್ಗೆಟ್ ಇರುವ ಜಾಗಕ್ಕೆ ಜರಿ ಬೇಡ.

ಇನ್ನೊಂದು ಮಾತು: ಇಡೀ ಶಾಲು ಟಾರ್ಗೆಟ್ ಆಗಲಾರದು. ಈ ಲೈಬ್ರರಿಗಳು ಟಾರ್ಗೆಟ್ ಒಂದು ಚಪ್ಪಟೆ ಹಾಳೆ ಎಂದೇ ನಂಬಿ ಲೆಕ್ಕ ಹಾಕುತ್ತವೆ. ಮಡಿಕೆಯ ಈ ಬದಿಯ ಬಿಂದುಗಳು ಒಂದು ಹಾಳೆಗೆ ಹೊಂದುತ್ತವೆ, ಆ ಬದಿಯವು ಇನ್ನೊಂದಕ್ಕೆ. ಒಂದು ಗುಂಪನ್ನು ಲೆಕ್ಕದಿಂದ ಬಿಡಲೇಬೇಕಾಗುತ್ತದೆ. ಮೈಮೇಲೆ ಹೆಚ್ಚು ಸಮತಟ್ಟಾಗಿ ನಿಲ್ಲುವ ಜಾಗ ಬೆನ್ನಿನ ಮೇಲ್ಭಾಗ, ಎರಡು ಭುಜದೆಲುಬುಗಳ ನಡುವೆ. ಶಾಲಿನಲ್ಲಾದರೆ ಎದುರಿಗೆ ಇಳಿಬೀಳುವ ಕೊನೆ. ಆ ಕೊನೆಗೆ ಭಾರವಾದ ಕುಚ್ಚು ಕಟ್ಟಿದರೆ ಬಟ್ಟೆ ತಾನಾಗೇ ಬಿಗಿಯಾಗಿ ನೇತಾಡುತ್ತದೆ.

ಟಾರ್ಗೆಟ್ ಜಾಗದ ಹಿಂದೆ ತೆಳು ಪೇಸ್ಟಿಂಗ್ ಕ್ಯಾನ್ವಾಸ್ (ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಬಿಗಿ ಒಳಬಟ್ಟೆ) ಹಾಕಿ. ಸುತ್ತಲೂ ಹೊಲಿಗೆ ಗೆರೆಯಿಂದ 1 ಸೆಂ.ಮೀ. ಒಳಗೆ ನಿಲ್ಲುವಂತೆ ಕತ್ತರಿಸಿ, ಇಲ್ಲವಾದರೆ ಅಂಚು ದಪ್ಪವಾಗಿ ಸೊಟ್ಟಗಾಗುತ್ತದೆ. ರೇಷ್ಮೆಯ ಮೇಲೆ ಹತ್ತಿಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಒಂದೊಂದು ಕಡೆ 10-15 ಸೆಕೆಂಡ್ ಒತ್ತಿ ಹಿಡಿಯಿರಿ. ಎಳೆದಾಡಿದರೆ ಒಳಗೆ ಗುಳ್ಳೆ ಏಳುತ್ತದೆ, ಆ ಗುಳ್ಳೆಯೂ ಮಡಿಕೆಯಷ್ಟೇ ತೊಂದರೆ ಕೊಡುತ್ತದೆ.

ಮುದ್ರಣದ ಫೈಲ್‌ನ ಅಂಚಿನಲ್ಲಿ 10 ಸೆಂ.ಮೀ. ಚೌಕ ಒಂದನ್ನು ತಪ್ಪದೆ ಬರೆಯಿರಿ. ಹಬೆ, ತೊಳೆತ ಮುಗಿದ ಮೇಲೆ ಅದನ್ನು ಅಳೆಯಿರಿ. ಉದ್ದಕ್ಕೆ 9.6, ಅಡ್ಡಕ್ಕೆ 9.9 ಬಂದಿದ್ದರೆ ಟಾರ್ಗೆಟ್ ಚಿತ್ರವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿ ಮತ್ತೆ ಕಂಪೈಲ್ ಮಾಡಿ, ಅಂದರೆ ಲೈಬ್ರರಿ ಓದುವ ಟಾರ್ಗೆಟ್ ಫೈಲಾಗಿ ಮಾರ್ಪಡಿಸಿ.

ನೂಲೆಳೆ:

ತುಂಬ ಉಪಕಾರವಾಯಿತು. ಕೊನೆಯ ಭಾಗವನ್ನೇ ಟಾರ್ಗೆಟ್ ಮಾಡುತ್ತೇನೆ, ಬಣ್ಣವನ್ನೂ ಬದಲಿಸುತ್ತೇನೆ. ಮುಂದಿನದನ್ನು ಮುದ್ರಿಸದೆ ಜಕಾರ್ಡ್‌ನಲ್ಲಿ ನೇಯಿಸಬೇಕೆಂದಿದೆ. ಇದೇ ಚಿತ್ರ ಕೊಟ್ಟರೆ ನಡೆಯುತ್ತದೆಯೇ?

ಹಾಸುಹೊಕ್ಕು:

ಹಾಗೇ ಕೊಟ್ಟರೆ ನಡೆಯದು. ನೇಯ್ಗೆಯಲ್ಲಿ ಒಂದು ಪಿಕ್ಸೆಲ್ ಅಂದರೆ ಒಂದು ಹಾಸಿನ (ಉದ್ದದ) ಎಳೆ ಒಂದು ಹೊಕ್ಕಿನ (ಅಡ್ಡದ) ಎಳೆಯನ್ನು ದಾಟುವ ಜಾಗ. ಸೆಂ.ಮೀ.ಗೆ 40 ಹಾಸು, 30 ಹೊಕ್ಕು ಇರುವ ಬಟ್ಟೆಯಲ್ಲಿ 400ಕ್ಕೆ 400ರ ಚೌಕ ಅಗಲ 10 ಸೆಂ.ಮೀ., ಉದ್ದ 13.3 ಸೆಂ.ಮೀ. ಆಗಿ ಎಳೆದುಕೊಳ್ಳುತ್ತದೆ. ಚೌಕ ಬೇಕಾದರೆ 400ಕ್ಕೆ 300 ಕೊಡಿ.

ಕಪ್ಪು ಜಾಗವನ್ನು ಪೂರ್ತಿ ಕಪ್ಪು, ಬಿಳಿಯನ್ನು ಪೂರ್ತಿ ಬಿಳಿ ಬಿಟ್ಟರೆ ಎಳೆಗಳು ಎಲ್ಲೂ ಕಟ್ಟಿಕೊಳ್ಳದೆ ಉದ್ದಕ್ಕೆ ತೇಲುತ್ತವೆ, ಬಳೆಗೋ ಉಗುರಿಗೋ ಸಿಕ್ಕಿ ಕಿತ್ತುಬರುತ್ತವೆ. ಒಂದು ಜಾಗಕ್ಕೆ ಹಾಸು ಮೇಲೆ ಕಾಣುವ 8 ಎಳೆಯ ಸ್ಯಾಟಿನ್, ಇನ್ನೊಂದಕ್ಕೆ ಹೊಕ್ಕು ಮೇಲೆ ಕಾಣುವ 8 ಎಳೆಯ ಸ್ಯಾಟಿನ್ ತುಂಬಿಸಿ. ಆಗ ಜಾಗದೊಳಗಿನ ತೇಲು 7 ಎಳೆಗೆ ನಿಲ್ಲುತ್ತದೆ. ಅಂಚುಗಳನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಿ, ಎರಡು ನೇಯ್ಗೆ ಕೂಡುವಲ್ಲಿ ತೇಲು ಅದಕ್ಕಿಂತ ಉದ್ದವಾಗುವುದುಂಟು. ಎಂಟರಲ್ಲಿ ಒಂದು ಎಳೆ ಯಾವಾಗಲೂ ಎದುರು ಬಣ್ಣದ್ದೇ ಆದ್ದರಿಂದ ಮುದ್ರಣದಷ್ಟು ಗಾಢ ವ್ಯತ್ಯಾಸ ಸಿಗದು. ಹಾಸು ಬಿಳಿಯಾದರೆ ಹೊಕ್ಕು ಕಡುಗಪ್ಪಿಗೆ ಹತ್ತಿರದ್ದಿರಲಿ, ಎರಡೂ ಹೊಳಪಿಲ್ಲದ ನೂಲಾಗಿರಲಿ.

ಎಲ್ಲಕ್ಕಿಂತ ಮುಖ್ಯ, ಮಗ್ಗಕ್ಕೆ ಎಷ್ಟು ಹುಕ್ಕಿದೆ (ಹಾಸಿನ ಎಳೆಗಳನ್ನು ಎತ್ತುವ ಕೊಕ್ಕೆ) ಎಂದು ಮೊದಲೇ ಕೇಳಿ. 400 ಹುಕ್ಕಿನ ಜಕಾರ್ಡ್, ಸೆಂ.ಮೀ.ಗೆ 40 ಹಾಸು ಅಂದರೆ ಪ್ರತಿ 10 ಸೆಂ.ಮೀ.ಗೆ ಅಡ್ಡಲಾಗಿ ಚಿತ್ತಾರ ಮರುಕಳಿಸುತ್ತದೆ. ಬಿಂದುರೇಖೆ ಅವರು ಬೇಡವೆಂದ ಪುನರಾವರ್ತನೆಯನ್ನು ಮಗ್ಗವೇ ನಿಮ್ಮ ಮೇಲೆ ಹೇರುತ್ತದೆ. ಉದ್ದಕ್ಕೆ ಮಾತ್ರ ಬೇಕಾದಷ್ಟು ಬದಲಿಸಬಹುದು. ಅಡ್ಡಕ್ಕೆ ಒಡೆಯಬೇಕಾದರೆ ನೇಯ್ದ ಮೇಲೆ ಕೈಕಸೂತಿಯೇ ದಾರಿ. ಆಗ ಟಾರ್ಗೆಟ್‌ಗೆ ವಿನ್ಯಾಸದ ಫೈಲ್ ಬೇಡ, ಮುಗಿದ ಬಟ್ಟೆಯನ್ನು ನೆರಳಿಲ್ಲದ ಹಗಲು ಬೆಳಕಿನಲ್ಲಿ ನೇರ ಮೇಲಿಂದ ತೆಗೆದ ಫೋಟೊ ಕೊಡಿ.

ಬಿಂದುರೇಖೆ:

ಈಗ ಕೋಡ್. ಇವೆಲ್ಲ ಮೈಂಡ್‌ಎಆರ್‌ನ ಸೆಟ್ಟಿಂಗ್‌ಗಳು: ಚಿತ್ತಾರ ಎಷ್ಟು ಫ್ರೇಮ್ ಕಾಣದಿದ್ದರೂ ಕಾಯಬೇಕೆಂದು ಹೇಳುವ ಮಿಸ್‌ಟಾಲರೆನ್ಸ್ ಮೊದಲೇ 5 ಇರುತ್ತದೆ, 15ಕ್ಕೆ ಏರಿಸಿ, ಅರೆಕ್ಷಣದ ಮಡಿಕೆಗೆ ಆಕಾರ ಮಾಯವಾಗುವುದಿಲ್ಲ. ನಡುಕ ಹೆಚ್ಚಿದ್ದರೆ ಫಿಲ್ಟರ್‌ಮಿನ್‌ಸಿಎಫ್ ಅನ್ನು 0.001ರಿಂದ 0.0001ಕ್ಕೆ ಇಳಿಸಿ. ಇಳಿಸಿದ ಮೇಲೆ ಆಕಾರ ಬಟ್ಟೆಯ ಹಿಂದೆ ತಡವಾಗಿ ಬರುತ್ತಿದ್ದರೆ ಫಿಲ್ಟರ್‌ಬೀಟಾ ಏರಿಸಿ.

ಹೆಗಲ ಸುತ್ತ ಬೆಳೆಯುವ ಭಾಗವನ್ನು ಬಟ್ಟೆಗೆ ಅಂಟಿಸಬೇಡಿ. ಚಿತ್ತಾರ ಸಿಕ್ಕ ಕೂಡಲೇ ಮೈಯ ಭಾಗಗಳನ್ನು ಗುರುತಿಸುವ ಮೀಡಿಯಾಪೈಪ್ ಪೋಸ್ ಶುರುಮಾಡಿ. ಅದು ಕೊಡುವ 33 ಬಿಂದುಗಳಲ್ಲಿ 11 ಎಡಭುಜ, 12 ಬಲಭುಜ. ಗೆರೆಗಳು ಬಟ್ಟೆಯಿಂದ ಎದ್ದು ಆ ಎರಡು ಬಿಂದುಗಳನ್ನು ಹಿಡಿದು ಬೆಳೆಯಲಿ. ಮೈಂಡ್‌ಎಆರ್, ಪೋಸ್ ಎರಡನ್ನೂ ಒಟ್ಟಿಗೆ ಓಡಿಸಿದರೆ ಫೋನ್ ಬಿಸಿಯಾಗಿ ನಿಧಾನವಾಗುತ್ತದೆ, ಪೋಸ್ ಅನ್ನು ಮೂರು ಫ್ರೇಮ್‌ಗೊಮ್ಮೆ ನಡೆಸಿದರೂ ಸಾಕು. ತೊಟ್ಟವರು ಬೆನ್ನು ತಿರುಗಿಸಿದಾಗ 11, 12 ಅದಲುಬದಲಾಗಬಹುದು. ಹಿಂದಿನ ಫ್ರೇಮ್‌ನ ಜಾಗದ ಜೊತೆ ಹೋಲಿಸಿ, ಒಮ್ಮೆಲೇ ಜಾಗ ಬದಲಾಗಿದ್ದರೆ ಆ ಫ್ರೇಮನ್ನು ಬಿಟ್ಟುಬಿಡಿ.