ಪುಡಿ ಏಳುವ ವರ್ಕ್‌ಶಾಪ್ ನೆಲ: ಮೇಲೆ ಗಾರೆಯೋ, ಎಪಾಕ್ಸಿಯೋ?

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್ ಇದ್ದು, ಮೂಲೆಯಲ್ಲಿ ವೆಲ್ಡಿಂಗ್ ನಡೆಯುತ್ತದೆ. ನೆಲ ಹಾಕಿಸಿ ಇಪ್ಪತ್ತು ವರ್ಷ ದಾಟಿದೆ. ಎಷ್ಟು ಗುಡಿಸಿದರೂ ಬಿಳಿ ಪುಡಿ ಏಳುತ್ತದೆ, ಓಡಾಡುವ ದಾರಿಯಲ್ಲಿ ಜಲ್ಲಿ ಕಾಣುತ್ತಿದೆ, ಲೇತ್‌ಗಳ ಸುತ್ತ ಎಣ್ಣೆ ಇಳಿದು ನೆಲ ಕಪ್ಪಾಗಿದೆ. ಅರ್ಧ ಇಂಚು ಸಿಮೆಂಟ್ ಗಾರೆ ಎಳೆದರೆ ಸಾಕೆಂದು ಮೇಸ್ತ್ರಿಯವರು ಹೇಳುತ್ತಾರೆ. ಆಸಿಡ್‌ನಿಂದ ತೊಳೆದು ಎರಡು ಕೋಟ್ ಎಪಾಕ್ಸಿ, ಅಂದರೆ ಗಟ್ಟಿಯಾಗುವ ರಾಳದ ಲೇಪನ, ಹೊಡೆಯುತ್ತೇವೆಂದು ಎಪಾಕ್ಸಿಯವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಮಸ್ಕಾರ. ಇಬ್ಬರ ಸಲಹೆಯನ್ನೂ ಹಾಗೆಯೇ ಒಪ್ಪಲಾರೆ, ಏಕೆಂದರೆ ಇಬ್ಬರೂ ಮೇಲೆ ಏನು ಹಾಕಬೇಕೆಂದು ಹೇಳಿದ್ದಾರೆಯೇ ಹೊರತು ಕೆಳಗಿನ ನೆಲ ಅದನ್ನು ಹಿಡಿದುಕೊಳ್ಳುತ್ತದೆಯೇ ಎಂದು ನೋಡಿಲ್ಲ.

ಕಾಂಕ್ರೀಟ್ ಕಲಸುವಾಗ ನೀರು ಹೆಚ್ಚಾದರೆ ಅದು ಮೇಲಕ್ಕೆ ಬಂದು ನಿಲ್ಲುತ್ತದೆ. ಆ ನೀರು ಆರುವ ಮೊದಲೇ ಕರಣೆ ಆಡಿಸಿ, ಸಾಕಷ್ಟು ದಿನ ನೀರುಣಿಸದೆ ಬಿಟ್ಟರೆ ಮೇಲಿನ ಒಂದೆರಡು ಮಿ.ಮೀ. ಪದರ ಬಲವಿಲ್ಲದೆ ಉಳಿಯುತ್ತದೆ. ನಿಮ್ಮಲ್ಲಿ ಪುಡಿಯಾಗಿ ಏಳುತ್ತಿರುವುದು ಬಹುಶಃ ಅದೇ ಪದರ. ಅದರ ಮೇಲೆ ಅರ್ಧ ಇಂಚು ಗಾರೆ ಎಳೆದರೆ, ಕುಗ್ಗುವಾಗ ಅಂಚುಗಳು ಮೇಲೆದ್ದು ತಟ್ಟಿದಲ್ಲೆಲ್ಲ ಪೊಳ್ಳು ಸದ್ದು ಬರತೊಡಗುತ್ತದೆ. ಮೊದಲು ಸುತ್ತಿಗೆಯಿಂದ ಇಡೀ ನೆಲವನ್ನು ತಟ್ಟಿ, ಪೊಳ್ಳು ಕೇಳಿಸಿದ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿ. ಅಲ್ಲಿ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಒಡೆದು ತುಂಬಲೇಬೇಕು.

ಎಣ್ಣೆಯ ಜಾಗ ಇದಕ್ಕಿಂತ ಕಷ್ಟದ್ದು. ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ಎಣ್ಣೆಯನ್ನು ತೆಗೆಯುವುದಿಲ್ಲ. ಆಸಿಡ್ ಹೊಗೆಗೆ ಲೇತ್ ಬೆಡ್ (ಲೇತ್‌ನ ಉದ್ದನೆಯ ಕಬ್ಬಿಣದ ತಳಭಾಗ) ತುಕ್ಕು ಹಿಡಿದರೆ ನೆಲದ ಖರ್ಚೇ ಚಿಕ್ಕದೆನಿಸೀತು. ಕ್ಷಾರೀಯ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಹಾಕಿ, ಗಟ್ಟಿ ಬ್ರಷ್‌ನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಕೊಳೆನೀರನ್ನು ಅಲ್ಲಿಯೇ ಇಂಗಲು ಬಿಡದೆ ಎಳೆದುಬಿಡಬೇಕು. ನೆಲ ಒಣಗಿದ ಮೇಲೆ ಕೆಲವು ಹನಿ ನೀರು ಹಾಕಿ ನೋಡಿ. ನೀರು ಹರಡಿ ಹೀರಿಕೊಂಡರೆ ಮುಂದುವರಿಯಬಹುದು. ಮಣಿಯಂತೆ ನಿಂತರೆ ಎಣ್ಣೆ ಇನ್ನೂ ಇದೆ. ಎರಡು ಮೂರು ಸಲ ತೊಳೆದರೂ ಹಾಗೆಯೇ ನಿಂತರೆ ಆ ಭಾಗವನ್ನು ಕೆತ್ತಿ ತೆಗೆಯುವುದೇ ಲೇಸು.

ಅನಂತರ ಡೈಮಂಡ್ ಗ್ರೈಂಡರ್‌ನಿಂದ ದುರ್ಬಲ ಪದರವನ್ನು ತೆಗೆಸಿ. ಒಣ ಗ್ರೈಂಡಿಂಗ್‌ನ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಯಂತ್ರಕ್ಕೆ ವ್ಯಾಕ್ಯೂಮ್ ಜೋಡಿಸಿಯೇ ಕೆಲಸ ಮಾಡಿಸಿ, ಮಾಸ್ಕ್ ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ. ಎಣ್ಣೆ ತಾಗದ ಓಡಾಟದ ದಾರಿಗೆ ಲಿಥಿಯಂ ಸಿಲಿಕೇಟ್ ಹಾರ್ಡನರ್ (ನೆಲ ಹೀರಿಕೊಂಡು ಗಟ್ಟಿಯಾಗುವ ದ್ರವ) ಸಾಕು ಎಂಬುದು ನನ್ನ ಅಭಿಪ್ರಾಯ. ಅದು ಕಾಂಕ್ರೀಟ್‌ನಲ್ಲಿರುವ ಸುಣ್ಣದೊಡನೆ ಸೇರಿ ರಂಧ್ರಗಳೊಳಗೇ ಗಟ್ಟಿಯಾಗುವುದರಿಂದ ಸಿಪ್ಪೆ ಏಳುವ ಪ್ರಶ್ನೆಯಿಲ್ಲ. ಲೇತ್‌ಗಳ ಸುತ್ತ ಮಾತ್ರ ಪ್ರೈಮರ್ ಕೊಟ್ಟು, ಜಾರದಂತೆ ಕ್ವಾರ್ಟ್ಜ್ ಮರಳು ಉದುರಿಸಿ ಎಪಾಕ್ಸಿ ಮಾಡಿಸಿ. ವೆಲ್ಡಿಂಗ್ ಮೂಲೆಗೆ ಎಪಾಕ್ಸಿ ಬೇಡ, ಕಿಡಿ ಬಿದ್ದಲ್ಲೆಲ್ಲ ಸುಟ್ಟುಹೋಗುತ್ತದೆ.

ಮರುಪ್ರಶ್ನೆ: ಮಳೆಗಾಲದಲ್ಲಿ ಹಿಂದಿನ ಗೋಡೆಯ ಪಕ್ಕದ ನೆಲ ತೇವವಾಗುತ್ತದೆ ಸರ್. ಒಂದು ಲೇತ್ ಅಲ್ಲಿಯೇ ಇದೆ, ಅದನ್ನು ಸರಿಸುವುದೂ ಕಷ್ಟ.

ಉತ್ತರ: ಹಾಗಾದರೆ ಎಪಾಕ್ಸಿಗೆ ಮುಂಗಡ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ನೆಲಕ್ಕೆ ಟೇಪ್‌ನಿಂದ ಬಿಗಿಯಾಗಿ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಅಡಿಯಲ್ಲಿ ನೀರಹನಿ ಇದ್ದರೆ ಅಥವಾ ಕಾಂಕ್ರೀಟ್ ಬಣ್ಣ ಗಾಢವಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ ಎಂದರ್ಥ. ಅಲ್ಲಿ ಸಾಮಾನ್ಯ ಎಪಾಕ್ಸಿ ಗುಳ್ಳೆ ಏಳುತ್ತದೆ. ಬೇಸಿಗೆಯ ಪರೀಕ್ಷೆಯನ್ನು ನಂಬಿ ಕೂರಬೇಡಿ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡಿ. ಹೊರಗಿನ ಚರಂಡಿಯನ್ನೂ ಮಾಳಿಗೆಯ ನೀರಿನ ಪೈಪನ್ನೂ ಮೊದಲು ಸರಿಪಡಿಸಿ, ಎಷ್ಟೋ ಕಡೆ ತೊಂದರೆ ಅಲ್ಲಿಯೇ ಇರುತ್ತದೆ.

ಲೇತ್ ಸರಿಸಬೇಕಾಗಿಲ್ಲ. ಸರಿಸಿದರೆ ಮತ್ತೆ ಲೆವೆಲ್ ಮಾಡುವ ಕೆಲಸ ಬೀಳುತ್ತದೆ. ಅದರ ಬುಡದವರೆಗೆ ಕೆಲಸ ಮಾಡಿಸಿ, ಸಂದಿಗೆ ಎಣ್ಣೆ ತಡೆಯುವ ಸೀಲೆಂಟ್ ತುಂಬಿಸಿ. ಶೆಡ್ಡಿನ ಅರ್ಧರ್ಧ ಭಾಗವನ್ನು ಬೇರೆ ಬೇರೆಯಾಗಿ ಮುಗಿಸಿದರೆ ಉಳಿದರ್ಧದಲ್ಲಿ ಉತ್ಪಾದನೆ ನಡೆಯುತ್ತದೆ. ಎಪಾಕ್ಸಿಯ ಮೇಲೆ ಮರುದಿನ ನಡೆದಾಡಬಹುದಾದರೂ ಕೂಲಂಟ್ (ಲೋಹ ಕಡೆಯುವಾಗ ತಂಪಿಗೆ ಹಾಕುವ ದ್ರವ), ಎಣ್ಣೆ ಬೀಳುವಂತೆ ಯಂತ್ರ ಓಡಿಸಲು ಒಂದು ವಾರ ಕಾಯಿರಿ. ಒಡೆದು ಹೊಸ ಕಾಂಕ್ರೀಟ್ ತುಂಬಿದ ಜಾಗಗಳಿಗೆ ಸಾಮಾನ್ಯವಾಗಿ 28 ದಿನಗಳಾದ ಮೇಲೆಯೇ ಕೋಟ್ ಕೊಡಬೇಕು, ಆದ್ದರಿಂದ ಆ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ.